ಘಟ್ಟದ ಮೇಲಿನ ಕೂ

ಕೂ ಕೇಳಿದರೆ ದಿನಕರ ಹೆಗಡೆ ಊಟದ ಎಲೆ ಬಿಟ್ಟು ಏಳುವ ಪೈಕಿ. ವಜ್ರಳ್ಳಿ ಸುತ್ತಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೆಂಡತಿ ಪರಿಮಳಾಳಿಗಂತೂ ಗೊತ್ತಾಗಿ ಗೊತ್ತಾಗಿ ಸಾಕಾಗಿಹೋಗಿತ್ತು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಕಣಿವೆ, ಒಂದು ಹಳ್ಳ, ಒಂದಷ್ಟು ಕಾಡು ಇರುವ ಸೀಮೆ ಅದು. ಫೋನಿಗೆ ನೆಟ್‌ವರ್ಕ್ ಸಿಗುವುದು ಮೇಲಿನ ರಸ್ತೆಯ ಮೋರಿ ತಿರುವಿನಲ್ಲಿ ಮಾತ್ರ. ಹಾಗಾಗಿ ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕುವ ಪದ್ಧತಿ ಅಲ್ಲಿ ಇನ್ನೂ ಸತ್ತಿಲ್ಲ. ಉದ್ದಕ್ಕೆ ಒಂದು ಕೂ ಎಂದರೆ, ಎಲ್ಲಿದ್ದೀಯ ಎಂದರ್ಥ. ಎರಡು ಎಂದರೆ ಒಂದು ಕೈ ಬೇಕಾಗಿದೆ, ಬಾ. ಒಂದೇ ಉಸಿರಿನಲ್ಲಿ ಮೂರು ಕೂ ಬಂತೆಂದರೆ ಯಾರದೋ ಜೀವಕ್ಕೇ ಬಂದಿದೆ, ಇದ್ದದ್ದನ್ನು ಇದ್ದಲ್ಲಿ ಬಿಟ್ಟು ಓಡು. ಮೂರು ಕೂವನ್ನು ಆಟಕ್ಕೆ ಹಾಕಿದ ಮಕ್ಕಳು ಮನೆಯವರ ಕೈಯಲ್ಲೂ ನೆರೆಮನೆಯವರ ಕೈಯಲ್ಲೂ ಪೆಟ್ಟು ತಿಂದಿದ್ದಾರೆ. ಸುಳ್ಳು ಹೇಳುವವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದರು. ಸುಳ್ಳು ಕೂ ಹಾಕಿದ ದೊಡ್ಡವರು ಮಾತ್ರ ಒಬ್ಬರೂ ಇರಲಿಲ್ಲ.

ಗುಡ್ಡ ಜರಿದ ಆ ಮಳೆಗಾಲದಲ್ಲಿ ಆಚೆ ಕಣಿವೆಯ ಮಾಸ್ತಿಯ ಮನೆಯಿಂದ ಮೂರು ಕೂ ಬಂದಾಗ ಮೊದಲು ಓಡಿದವನು ದಿನಕರನೇ. ಮನೆಯ ಹಿಂದಿನ ಮಣ್ಣಿನ ಧರೆ ಇನ್ನೂ ಕಳಚಿ ಬೀಳುತ್ತಲೇ ಇತ್ತು. ಉಳಿದವರು ಈಚೆ ದಡದಲ್ಲಿ ನಿಂತು ಹೋಗಬೇಡ ಎಂದು ಬಾಯಿ ಹರಿದುಕೊಂಡರು. ಇವನ ಕಿವಿಗೆ ಅದು ಬೀಳಲೇ ಇಲ್ಲ. ಮಾಸ್ತಿಯನ್ನೂ ಅವನ ತಾಯಿಯನ್ನೂ ಕೆಸರಿನಿಂದ ಎಳೆದು ತಂದ. ಊರು ಅವನನ್ನು ಹೊಗಳಿತು. ಪರಿಮಳಾ ಒಂದು ವಾರ ಅವನೊಡನೆ ಮಾತಾಡಲಿಲ್ಲ. ಕರೆದವರ ಕಡೆಗೆ ಓಡುವುದು ಅವನಿಗೆ ಧೈರ್ಯದ ವಿಷಯವೇ ಆಗಿರಲಿಲ್ಲ. ಅದು ಅವನ ಕಾಲಿನ ಅಭ್ಯಾಸ, ಕಾಲು ತಲೆಯನ್ನು ಕೇಳುತ್ತಿರಲಿಲ್ಲ.

ಈ ಸಂಗತಿ ನಡೆದದ್ದು ಮಾರ್ಚ್ ತಿಂಗಳ ಒಂದು ಭಾನುವಾರ. ಅಪ್ಪೆಮಿಡಿಯ ಕಾಲ. ಮಾವಿನ ಮಿಡಿ ಉಪ್ಪಿನಲ್ಲಿ ಹಾಕಲು ಅಂಗಡಿಯ ಪುಡಿ ಉಪ್ಪು ಆಗುವುದಿಲ್ಲ, ಹರಳುಪ್ಪೇ ಬೇಕು, ಅದೂ ಘಟ್ಟದ ಕೆಳಗೆ ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವ ಆಗರದ ಉಪ್ಪೇ ಆಗಬೇಕು ಎಂಬುದು ಊರಿನ ಹೆಂಗಸರ ಹಠ. ಆ ಹಠದ ದೆಸೆಯಿಂದ ವರ್ಷಕ್ಕೊಮ್ಮೆ ಒಂದು ಟೆಂಪೋ ಘಟ್ಟ ಇಳಿದು ಸಮುದ್ರದ ಅಂಚಿನ ಹಳ್ಳಿಯೊಂದಕ್ಕೆ ಹೋಗಿ ಎಲ್ಲರ ಮನೆಗೂ ಆಗುವಷ್ಟು ಉಪ್ಪು ತುಂಬಿ ತರುತ್ತದೆ. ಈ ಸಲ ಊರಿನ ಹುಡುಗ ನವೀನನ ಟೆಂಪೋ, ಜೊತೆಗೆ ದಿನಕರ. ಹೋಗುವುದು ಮುಂದಿನ ವಾರವಾಗಲಿ ಎಂದು ಅವನು ಗೊಣಗಿದ್ದ. ಮಿಡಿ ಬಾಡಿದರೆ ನೀವು ತಿನ್ನುವಿರಾ ಎಂದು ಪರಿಮಳಾಳೇ ಬೆನ್ನು ಬಿದ್ದು ಕಳಿಸಿದ್ದಳು.

ಅವಳು ಜಗುಲಿಯಲ್ಲಿ ಕೂತು ಮಿಡಿಯ ತೊಟ್ಟು ನೋಡಿ ಬೇರೆ ಮಾಡುತ್ತಿದ್ದಾಗ ಒಳಗೆ ಟಿವಿ ಹಾಕಿದ ಮಗಳು ಸಂಹಿತಾ ಅಲ್ಲಿಂದಲೇ ಕೇಳಿದಳು.

"ಅಪ್ಪ ಉಪ್ಪು ತಪ್ಪಲೆ ಹೋಗಿದ್ದು ಎಲ್ಲಿಗೆ ಆಯಿ?"

"ಪ್ರತಿ ವರ್ಷದ ಜಾಗಕ್ಕೇಯ. ಎಂತಕ್ಕೆ?"

ಸಂಹಿತಾ ಟಿವಿಯ ಸದ್ದು ಏರಿಸಿದಳು. ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುವ ಹುಡುಗಿ, ಎರಡು ದಿನದ ರಜೆಗೆ ಬಂದವಳು. ಕೇಳಿದ್ದಕ್ಕೆ ಸುಮ್ಮನಿರುವುದು ಅವಳ ಸ್ವಭಾವವೇ ಅಲ್ಲ. ಪರಿಮಳಾ ಮಿಡಿಯ ಬುಟ್ಟಿ ಸರಿಸಿ ಒಳಗೆ ಬಂದಳು.

ಟಿವಿಯಲ್ಲಿ ಕೋಟು ಹಾಕಿಕೊಂಡವನೊಬ್ಬ ಉಸಿರು ತೆಗೆಯದೆ ಕಿರುಚುತ್ತಿದ್ದ. ಬೆಳಿಗ್ಗೆ ಅರಬ್ಬೀ ಸಮುದ್ರದ ಆಚೆ ಬದಿಯಲ್ಲಿ ಭೂಕಂಪವಾಗಿದೆ, ಕರಾವಳಿಯತ್ತ ಮರದೆತ್ತರದ ರಾಕ್ಷಸ ಅಲೆ ಬರುತ್ತಿದೆ, ಸುನಾಮಿ, ಸುನಾಮಿ, ಸುನಾಮಿ. ಹಿಂದೆ ತೋರಿಸುತ್ತಿದ್ದದ್ದು ಯಾವುದೋ ದೇಶದ ಯಾವುದೋ ವರ್ಷದ ಚಿತ್ರ. ಆ ಶಬ್ದ ಕೇಳಿ ಪರಿಮಳಾಳಿಗೆ ಮೊದಲಿಗೆ ಏನೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ? ಯಲ್ಲಾಪುರದ ಸೀರೆ ಅಂಗಡಿಯವನು ದೀಪಾವಳಿಗೆ ರಿಯಾಯಿತಿಯ ಸುನಾಮಿ ಎಂದು ಬ್ಯಾನರ್ ಕಟ್ಟಿದ್ದ. ಚುನಾವಣೆ ಬಂದಾಗಲೆಲ್ಲ ಇದೇ ಕೋಟಿನವನು ಮತಗಳ ಸುನಾಮಿ ಎಂದು ಇಷ್ಟೇ ಜೋರಾಗಿ ಕಿರುಚಿದ್ದ. ಶಿರಸಿಯ ಕಡೆ ವಾಲಿಬಾಲ್ ಆಡುವ ಹುಡುಗರ ತಂಡಕ್ಕೂ ಅದೇ ಹೆಸರು. ಹಾಗೆ ಊರೆಲ್ಲ ತಿರುಗಿ ಸವೆದುಹೋದ ಶಬ್ದ, ಈಗ ನಿಜವಾಗಿ ಬಂದರೂ ಅದಕ್ಕೆ ಹೆದರುವುದು ಹೇಗೆಂದು ತಿಳಿಯದೆ ಅವಳು ಸೆರಗಿಗೆ ಕೈ ಒರೆಸುತ್ತ ನಿಂತಳು.

"ಅಷ್ಟು ಎತ್ತರದ್ದು ಬಂದ್ರೆ ದೂರದಿಂದ್ಲೇ ಕಾಣ್ತಲೆ," ಎಂದಳು ಕೊನೆಗೆ. "ನಿನ್ನ ಅಪ್ಪಂಗೆ ಕಣ್ಣು ಚಲೋ ಇದ್ದು. ನೋಡಿ ಗುಡ್ಡ ಹತ್ತಿಕ್ಯಳ್ತ."

"ಹಂಗೆ ಬತ್ತಿಲ್ಲೆ ಆಯಿ."

"ಮತ್ತೆ ಹೆಂಗೆ ಬತ್ತು?"

ಸಂಹಿತಾ ತರಗತಿಯ ಮಕ್ಕಳಿಗೆ ಒಮ್ಮೆ ಸುನಾಮಿಯ ಚಿತ್ರ ಬರೆಯಿರಿ ಎಂದಿದ್ದಳಂತೆ. ಎಲ್ಲ ಮಕ್ಕಳೂ ಒಂದೇ ಚಿತ್ರ ಬರೆದವು: ಹೆಡೆ ಎತ್ತಿ ಬಾಗಿದ ಒಂದು ಅಲೆ, ಅದರ ಅಡಿಯಲ್ಲಿ ಪುಟ್ಟದೊಂದು ತೆಂಗಿನಮರ. ಪರಿಮಳಾಳ ತಲೆಯಲ್ಲಿದ್ದದ್ದೂ ಅದೇ ಚಿತ್ರ. ಟಿವಿಯವನ ತಲೆಯಲ್ಲೂ ಅದೇ ಇರಬೇಕು. ಮಗಳು ಹೇಳಿದ್ದು ಬೇರೆ. ಹೆಚ್ಚಿನ ಸಲ ಅದು ಅಲೆಯ ಹಾಗೆ ಕಾಣುವುದೇ ಇಲ್ಲ. ಸಮುದ್ರ ಪೂರ್ತಿ ಹಾಗೆಯೇ ಏರುತ್ತದೆ. ಏರಿ ಒಳಗೆ ಬಂದು, ಇಳಿದು ಹೋಗುತ್ತದೆ. ಮುಗಿಯಿತು ಎಂದು ಜನ ಕೆಳಗೆ ಇಳಿಯುತ್ತಾರೆ. ಆಮೇಲೆ ಮತ್ತೆ ಬರುತ್ತದೆ, ಮತ್ತೂ ಬರುತ್ತದೆ. ಎರಡನೆಯದೋ ಮೂರನೆಯದೋ ಮೊದಲನೆಯದಕ್ಕಿಂತ ದೊಡ್ಡದಿರಬಹುದು. ಸಾಯುವವರಲ್ಲಿ ತುಂಬಾ ಜನ ಹಾಗೆ ಇಳಿದುಹೋದವರೇ.

"ಇಳಿದು ಎಂತಕ್ಕೆ ಹೋಗ್ತ?" ಪರಿಮಳಾ ಕೇಳಿದಳು.

"ಸಾಮಾನು ತಪ್ಪಲೆ. ನೋಡಲೆ. ಯಾರಾದ್ರೂ ಕರದ್ರೆ ಹೋಗ್ತ."

ಅಲ್ಲಿಗೆ ಪರಿಮಳಾಳಿಗೆ ಹೆದರಿಕೆ ಹತ್ತಿತು. ಅಡಿಕೆಮರದೆತ್ತರದ ಅಲೆಗೆ ಅವಳು ಹೆದರಿರಲಿಲ್ಲ, ಅದನ್ನು ಅವಳು ನಂಬಿಯೂ ಇರಲಿಲ್ಲ. ಆದರೆ ಮೊಣಕಾಲು ನೀರು ಬಂದು ಇಳಿದುಹೋದ ಮೇಲೆ ಕೆಳಗಿನಿಂದ ಯಾರೋ ಒಬ್ಬರು ಕೂಗುವುದು, ಗುಡ್ಡದ ಮೇಲಿನ ಗುಂಪಿನಲ್ಲಿ ಒಬ್ಬ ಮನುಷ್ಯ ಅದಕ್ಕೆ ತಲೆ ತಿರುಗಿಸುವುದು, ಇದು ಅವಳಿಗೆ ಟಿವಿಯ ಚಿತ್ರಕ್ಕಿಂತ ಸ್ಪಷ್ಟವಾಗಿ ಕಂಡಿತು. ಆ ಮನುಷ್ಯನ ಅಂಗಿಯ ಬಣ್ಣ ಕೂಡ ಕಂಡಿತು. ಬೆಳಿಗ್ಗೆ ತಾನೇ ಮಡಿಕೆ ಬಿಡಿಸಿ ಕೊಟ್ಟ ನೀಲಿ ಅಂಗಿ.

"ಫೋನು ತಗ," ಎಂದವಳೇ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದಳು.

ಮೋರಿ ತಿರುವಿಗೆ ಏರುವ ದಾರಿ ಅವಳಿಗೆ ಹೊಸದಲ್ಲ. ದಿನಾ ಹತ್ತುತ್ತಿದ್ದ ದಾರಿಯೇ. ಆದರೆ ಆ ದಿನ ಅದು ಮುಗಿಯಲಿಲ್ಲ. ಹಿಂದೆ ಬರುತ್ತಿದ್ದ ಸಂಹಿತಾ ಏನೇನೋ ಸಮಾಧಾನ ಹೇಳುತ್ತಿದ್ದಳು: ನಮ್ಮ ಕರಾವಳಿಗೆ ಬರುವುದು ಸಣ್ಣದೇ ಇರಬಹುದು, ಎಚ್ಚರಿಕೆ ಮೊದಲೇ ಕೊಟ್ಟಿದ್ದಾರೆ, ಪೊಲೀಸರು ಇರುತ್ತಾರೆ. ಪರಿಮಳಾ ಕೇಳಿಸಿಕೊಳ್ಳಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ದೂ ಅವಳಿಗೆ ಗೊತ್ತಾದದ್ದು ಮೇಲೆ ಹೋಗಿ ನಿಂತ ಮೇಲೆ.

ತಿರುವಿಗೆ ಬಂದ ಕೂಡಲೇ ಫೋನು ಕೈಯಲ್ಲಿ ಅರಚಿಕೊಂಡಿತು. ಎಚ್ಚರಿಕೆಯ ಸಂದೇಶ, ಬೆಳಿಗ್ಗೆಯೇ ಬರಬೇಕಾಗಿದ್ದದ್ದು. ಸಂಹಿತಾ ಅದನ್ನು ಸರಿಸಿ ಅಪ್ಪನಿಗೆ ಫೋನು ಹಚ್ಚಿದಳು. ರಿಂಗಾಯಿತು. ಅವನು ಎತ್ತಿಯೂ ಬಿಟ್ಟ.

"ಎಂತದೇ?" ಎಂದ ದಿನಕರ, ಮನೆಯ ಅಂಗಳದಲ್ಲಿ ನಿಂತವನ ಹಾಗೆ. ಸುತ್ತ ಜನರ ಗದ್ದಲ ಕೇಳುತ್ತಿತ್ತು. "ಆರಾಮಿದ್ದೆ ಮಾರಾಯ್ತಿ. ಪೊಲೀಸ್ನವು ಬಂದು ಊರವರ್ನೆಲ್ಲ ಗುಡ್ಡ ಹತ್ಸಿದ್ದ. ಯಂಗ್ಳೂ ಟೆಂಪೋ ತಂದು ಇಲ್ಲೇ ನಿಲ್ಸಿಕ್ಯಂಡಿದ್ಯ. ನೀರು ಬಂತು, ಹೋತು. ಮೊಣಕಾಲು ಮಟ್ಟ ಇದ್ದಿಕ್ಕು. ಆಷಾಢದಲ್ಲಿ ನಮ್ಮ ಹಳ್ಳ ಇದ್ಕಿಂತ ಜೋರು ಬತ್ತು. ಇದ್ಕೆ ಸುನಾಮಿ ಹೇಳ್ತ್ವಡ."

"ಅಪ್ಪಾ, ಕೆಳಗೆ ಇಳಿಯಡ," ಎಂದಳು ಸಂಹಿತಾ. "ಅದು ಒಂದೇ ಸಲಕ್ಕೆ ಮುಗಿತಿಲ್ಲೆ. ಇನ್ನೂ ದೊಡ್ಡದು ಬಪ್ಪಲೂ ಸಾಕು. ಸಂಜೆವರೆಗೂ ಗುಡ್ಡದ ಮೇಲೇ ಇರು."

"ಉಪ್ಪು ತುಂಬದು ಯಾವಾಗ ಹಂಗಾರೆ?"

ಪರಿಮಳಾ ಫೋನು ಕಿತ್ತುಕೊಂಡಳು. "ಉಪ್ಪು ಹಾಳಾಗಿ ಹೋಗ್ಲಿ. ನಿಂಗ ಇಳಿಯಡಿ. ಯಾರು ಕರದ್ರೂ ಇಳಿಯಡಿ."

"ಆತು, ಇಳಿತ್ನಿಲ್ಲೆ," ಎಂದು ಅವನು ನಕ್ಕ. ಆಮೇಲೆ ನಗು ನಿಂತಿತು. ಆ ನಿಲ್ಲುವಿಕೆ ಅವಳಿಗೆ ಗೊತ್ತಿತ್ತು. ಉಣ್ಣುತ್ತ ಕೂತವನ ಕೈ ಎಲೆಯ ಮೇಲೆ ಹಾಗೆಯೇ ನಿಲ್ಲುತ್ತಿತ್ತು, ಕಿವಿ ಕಣಿವೆಯ ಕಡೆ ಹೋಗುತ್ತಿತ್ತು. "ತಡಿ," ಎಂದ. "ಕೆಳಗೆ ಯಾರೋ ಕೂಗ್ತಾ ಇದ್ದ."

ಫೋನು ಕಟ್ಟಾಯಿತು.

ಮತ್ತೆ ಹಚ್ಚಿದರು. ರಿಂಗಾಗುತ್ತದೆ, ಎತ್ತುವವರಿಲ್ಲ. ಮತ್ತೂ ಹಚ್ಚಿದರು. ಕೆಳಗೆ ಊರು ಎಂದಿನಂತೆ ತಣ್ಣಗೆ ಬಿದ್ದುಕೊಂಡಿತ್ತು. ಯಾರದೋ ಮನೆಯ ಕರು ಕೂಗುತ್ತಿತ್ತು. ನೀರಿನ ಹೆದರಿಕೆ ಇಲ್ಲದ ಇಷ್ಟು ಎತ್ತರದ ಜಾಗದಲ್ಲಿ ನಿಂತು ತಾನು ಮುಳುಗುತ್ತಿದ್ದೇನೆ ಎಂದು ಪರಿಮಳಾಳಿಗೆ ಅನ್ನಿಸಿತು. ಕಡೆಗೆ ಸಂಹಿತಾ ನವೀನನ ನಂಬರು ಹುಡುಕಿ ತೆಗೆದಳು.

ನವೀನ ಟೆಂಪೋದ ಬಳಿಯೇ ಇದ್ದ. ಇಬ್ಬರಿಗೂ ಕೇಳುವಂತೆ ಸಂಹಿತಾ ಫೋನಿನ ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದಳು.

"ಅಮ್ಮ, ಹೆಗಡೇರು ಕೆಳಗೆ ಹೋದ್ರು. ಫೋನು ಇಲ್ಲೇ ಸೀಟಿನ ಮೇಲೆ ಬಿಸಾಕಿ ಹೋದ್ರು. ನಾನು ಹಿಡ್ಕಂಡೆ, ಕೊಸರ್ಕಂಡು ಹೋದ್ರು."

"ಯಾರು ಕೂಗಿದ್ದು?"

"ಒಂದು ಮುದುಕಿ ಅಮ್ಮ. ಆಗರದಲ್ಲಿ ಕೆಲ್ಸ ಮಾಡುದಂತೆ. ನೀರು ಇಳಿತು ಅಂತ ಆಡು ಬಿಡ್ಸ್ಕಂಡು ಬರ್ಲಿಕ್ಕೆ ಯಾರಿಗೂ ಹೇಳ್ದೆ ಹೋಗಿತ್ತು. ಒಡ್ಡಿನ ತುದಿಯಲ್ಲಿ ಕೆಸರಲ್ಲಿ ಕಾಲು ಹೂತ್ಕಂಡು ಬಿಟ್ಟದೆ. ಹೆಗಡೇರು ಒಡ್ಡಿನ ಮೇಲೆ ಓಡ್ತಾ ಇದ್ದಾರೆ, ಕಾಣ್ತಾ ಉಂಟು."

"ಸಮುದ್ರ ಹೆಂಗಿದ್ದು, ಕೇಳು," ಎಂದು ಸಂಹಿತಾ ಅಮ್ಮನ ತೋಳು ಹಿಡಿದು ಹೇಳಿದಳು.

ಪರಿಮಳಾ ಕೇಳಿದಳು.

"ಹಿಂದೆ ಹೋಗ್ತಾ ಉಂಟು ಅಮ್ಮ. ಹಳ್ಳ ಪೂರಾ ಖಾಲಿ ಆಯ್ತು. ದೋಣಿಯೆಲ್ಲ ಕೆಸರಲ್ಲಿ ಮಗಚಿ ಕೂತವೆ. ಇಲ್ಲಿ ಜನ ಎಲ್ಲಾ ಎದ್ದು ನಿಂತು ನೋಡ್ತಾ ಇದ್ದಾರೆ. ಈ ನಮೂನಿ ನಾವು ಯಾವತ್ತೂ ನೋಡಿದ್ದಿಲ್ಲ ಅಂತಾರೆ."

ಸಂಹಿತಾಳ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅದನ್ನು ನೋಡಿದ ಮೇಲೆ ಪರಿಮಳಾಳಿಗೆ ಪಾಠ ಬೇಕಾಗಲಿಲ್ಲ. ಹಿಂದೆ ಹೋದದ್ದು ಮುಂದೆ ಬರಲಿಕ್ಕೇ ಹೋಗಿದೆ.

"ಕರಿ ಅವ್ರನ್ನ, ನವೀನ. ವಾಪಸ್ ಕರಿ."

"ಕರಿತಾ ಇದ್ದೇವೆ ಅಮ್ಮ. ಎಲ್ಲರೂ ಬೊಬ್ಬೆ ಹೊಡಿತಾ ಇದ್ದಾರೆ. ಪೊಲೀಸರು ಸೀಟಿ ಊದ್ತಾ ಇದ್ದಾರೆ. ತಿರುಗಿಯೂ ನೋಡುದಿಲ್ಲ ಅವರು."

ತಿರುಗಿ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಾಸ್ತಿಯ ಮನೆಯ ದಿನವೂ ನೋಡಿರಲಿಲ್ಲ. ಮುಂದೆ ಒಬ್ಬರು ಕರೆಯುತ್ತಿರುವಾಗ ಹಿಂದಿನಿಂದ ಬೇಡ ಬೇಡ ಎನ್ನುವ ನೂರು ಬಾಯಿ ಅವನಿಗೆ ಗಾಳಿಯ ಸದ್ದು. ಊರಿನಲ್ಲಿ ಅವನನ್ನು ಅರ್ಧ ದಾರಿಯಲ್ಲಿ ತಿರುಗಿಸಬಲ್ಲ ಸದ್ದು ಒಂದೇ ಇತ್ತು. ಅದನ್ನು ಸುಳ್ಳಿಗೆ ಬಳಸಿದವರಿರಲಿಲ್ಲ.

"ನವೀನ, ನಿನ್ನ ಟೆಂಪೋದಲ್ಲಿ ಹಾಡು ಹಾಕ್ತ್ಯಲ, ಆ ದೊಡ್ಡ ಸ್ಪೀಕರ್ ಇದ್ದನ?"

"ಉಂಟು ಅಮ್ಮ."

"ಈ ಫೋನಿನ ಮಾತು ಅದ್ರಲ್ಲಿ ಬಪ್ಪ ಹಂಗೆ ಮಾಡು. ಎಷ್ಟು ಜೋರಾಗ್ತೋ ಅಷ್ಟು ಜೋರು ಮಾಡು. ಬಾಗಿಲು ತೆಗೆದಿಡು."

ನವೀನ ಯಾಕೆಂದು ಕೇಳಲಿಲ್ಲ. ಅವನೂ ಅದೇ ಕಣಿವೆಯಲ್ಲಿ ಬೆಳೆದವನು. ಏನೋ ತಿರುಗಿಸಿದ ಸದ್ದು, ಕಿರ್ರೆನ್ನುವ ಸದ್ದು ಬಂತು. ಆಮೇಲೆ ಆ ಕಡೆಯ ಗದ್ದಲವೆಲ್ಲ ದೊಡ್ಡ ಹಂಡೆಯೊಳಗಿಂದ ಬಂದಂತೆ ಕೇಳತೊಡಗಿತು. ಆ ಗದ್ದಲದ ತಳದಲ್ಲಿ, ದೂರದಿಂದ, ಹೆಂಗಸಿನ ದನಿಯೊಂದು ತೆಳ್ಳಗೆ ಬರುತ್ತಿದ್ದದ್ದು ಪರಿಮಳಾಳ ಕಿವಿಗೂ ಬಿತ್ತು. ಬಿದ್ದಿತೋ, ಬಿದ್ದ ಹಾಗೆ ಅನ್ನಿಸಿತೋ. ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಅದು ಬಗೆಹರಿಯಲಿಲ್ಲ. ಆದರೆ ಅಲ್ಲಿ ಒಬ್ಬಳು ಇದ್ದಾಳೆ, ತಾನು ಈಗ ಮಾಡುವುದು ಅವಳ ನೆರವಿಗೆ ಬರುತ್ತಿದ್ದ ಒಬ್ಬನೇ ಮನುಷ್ಯನನ್ನು ಕಿತ್ತುಕೊಳ್ಳುವುದು ಎಂದು ಪರಿಮಳಾಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಅವಳು ಮುಂದೆ ಯಾವತ್ತೂ ಹೇಳಿಕೊಳ್ಳಲಿಲ್ಲ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಒಂದೇ ಉಸಿರಿನಲ್ಲಿ, ಮೂರು ಕೂ ಹಾಕಿದಳು.

ವಜ್ರಳ್ಳಿಯ ಕಣಿವೆಯಲ್ಲಿ ಕರು ಕೂಗುವುದು ನಿಂತಿತು. ಆಚೆ ಮಗ್ಗುಲಿನ ಮನೆಯಿಂದ ಯಾರೋ ತಿರುಗಿ ಕೂ ಹಾಕಿದರು. ಬಂದೆ ಎಂಬ ಉತ್ತರ. ಪರಿಮಳಾಳ ಕಣ್ಣಿನಿಂದ ನೀರು ಇಳಿಯಿತು. ಆದರೂ ಅವಳು ಮತ್ತೆ ಉಸಿರು ತುಂಬಿಕೊಂಡು ಮತ್ತೆ ಮೂರು ಹಾಕಿದಳು. ಗಂಟಲು ಸೀಳಿಹೋಗುವಂತೆ ಹಾಕಿದಳು.

"ನಿಂತ್ರು," ಎಂದ ನವೀನ. "ಅಮ್ಮ, ನಿಂತ್ರು. ಈ ಕಡೆ ನೋಡ್ತಾ ಇದ್ದಾರೆ."

ಮತ್ತೆ ಮೂರು.

"ತಿರುಗಿದ್ರು. ಓಡಿ ಬರ್ತಾ ಇದ್ದಾರೆ. ಇಲ್ಲ, ನಿಂತ್ರು, ಆ ಅಮ್ಮನ್ನ ನೋಡ್ತಾ ಇದ್ದಾರೆ." ಅವನ ದನಿ ಅಳುವ ಹಾಗಾಯಿತು. "ಹಾಕಿ ಅಮ್ಮ, ಇನ್ನೊಂದ್ಸಲ ಹಾಕಿ."

ಹಾಕಿದಳು.

"ಬಂದ್ರು, ಓಡ್ತಾ ಇದ್ದಾರೆ, ಓಡ್ತಾ ಇದ್ದಾರೆ," ಎಂದು ನವೀನ ಹೇಳುತ್ತಲೇ ಹೋದ. ಆಮೇಲೆ ಅವನ ಹಿಂದಿನ ಜನರ ಗದ್ದಲ ಒಮ್ಮೆಲೇ ಬೇರೆ ಬಗೆಯದಾಯಿತು. "ನೀರು ಬಂತು. ಅಲೆ ಇಲ್ಲ ಅಮ್ಮ, ಸುಮ್ಮನೆ ಏರ್ತಾ ಉಂಟು, ಹಾಲು ಉಕ್ಕಿದ ಹಾಗೆ. ಒಡ್ಡು ಮುಳುಗ್ತು. ಹೆಗಡೇರ ಸೊಂಟಕ್ಕೆ..."

ಅಲ್ಲಿಗೆ ಫೋನು ಸತ್ತಿತು. ಮತ್ತೆ ಹಚ್ಚಿದರೆ ರಿಂಗೂ ಇಲ್ಲ, ಸದ್ದೂ ಇಲ್ಲ. ಇಡೀ ಕರಾವಳಿಗೆ ಎಲ್ಲರೂ ಒಟ್ಟಿಗೆ ಫೋನು ಹಚ್ಚಿದ್ದರೋ, ಟವರೇ ಬಿದ್ದಿತ್ತೋ. ಸಂಹಿತಾ ಫೋನನ್ನು ಮೇಲೆ ಎತ್ತಿ ಹಿಡಿದು ರಸ್ತೆಯ ತುಂಬ ಓಡಾಡಿದಳು. ಪರಿಮಳಾ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಸೊಂಟಕ್ಕೆ ಎಂಬ ಶಬ್ದದ ಮುಂದೆ ಏನಿತ್ತು ಎಂಬುದೊಂದನ್ನು ಬಿಟ್ಟು ಅವಳ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಏದುಸಿರು ಬಿಡುತ್ತ ಮಾಸ್ತಿ ಕತ್ತಿ ಹಿಡಿದುಕೊಂಡು ಗುಡ್ಡ ಹತ್ತಿ ಬಂದ. ಅವನ ಹಿಂದೆ ನೆರೆಮನೆಯ ನಮಿತಾ ಬಂದಳು. ಏನಾಯಿತು, ಹಾವೋ ಬೆಂಕಿಯೋ ಎಂದು ಕೇಳಿದರು. ಸಂಹಿತಾ ಎಲ್ಲ ಹೇಳಿದಳು. ಅವರಿಬ್ಬರೂ ಬೈಯಲಿಲ್ಲ. ಸುಳ್ಳು ಕೂ ಎಂದೂ ಅನ್ನಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತರು. ಪರಿಮಳಾಳಿಗೆ ಅದಕ್ಕೂ ಹೆದರಿಕೆಯಾಯಿತು, ಸತ್ತ ಮನೆಗೆ ಬಂದವರು ಹಾಗೆ ಕೂರುತ್ತಾರೆ.

ಬಿಸಿಲು ಇಳಿಯುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ನಮಿತಾ ತಂದುಕೊಟ್ಟ ನೀರನ್ನು ಪರಿಮಳಾ ಮುಟ್ಟಲಿಲ್ಲ. ದೇವರಿಗೆ ಹರಕೆ ಹೇಳಿಕೊಳ್ಳಲು ನೋಡಿದಳು. ಏನೆಂದು ಹೇಳಿಕೊಳ್ಳುವುದು ಎಂದು ತಿಳಿಯಲಿಲ್ಲ. ನನ್ನವನನ್ನು ಉಳಿಸು ಎಂದರೆ, ಆ ಇನ್ನೊಬ್ಬಳನ್ನು ಬಿಟ್ಟುಬಿಡು ಎಂದು ಹೇಳಿದ ಹಾಗೆಯೇ ಅಲ್ಲವೇ? ಹೇಳಿದ್ದೂ ಆಯಿತು, ಮಾಡಿದ್ದೂ ಆಯಿತು. ಕೊನೆಗೆ ಕೈ ಮುಗಿಯದೆಯೇ ಕೂತಳು.

ಕತ್ತಲು ಕಟ್ಟುವ ಮೊದಲು ಘಟ್ಟದ ರಸ್ತೆಯಲ್ಲಿ ಟೆಂಪೋದ ಸದ್ದು ಕೇಳಿತು. ತಿರುವಿನಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ದಿನಕರ ಕೆಳಗೆ ಹಾರಿದ. ನೀಲಿ ಅಂಗಿ ಮೈಗಂಟಿ ಒಣಗಿ, ಅದರ ಮೇಲೆ ಬಿಳಿಯ ಉಪ್ಪು ಕಟ್ಟಿತ್ತು. ಅವನು ಇದ್ದಾನೆ, ಕಾಲ ಮೇಲೆ ನಿಂತಿದ್ದಾನೆ ಎಂದು ಪರಿಮಳಾ ಕೂತಲ್ಲಿಂದಲೇ ಸಂತೋಷದಿಂದ ನೋಡಿದಳು. ಅವನು ಮಾತ್ರ ಅವಳ ಸಂತೋಷ ನೋಡಲಿಲ್ಲ. ಬಂದವನೇ ಸಂಹಿತಾಳ ತಲೆ ಮುಟ್ಟಿ ನೋಡಿದ. ಮಾಸ್ತಿಯನ್ನು ನೋಡಿದ, ನಮಿತಾಳನ್ನು ನೋಡಿದ. ಕಣ್ಣು ಕೆಂಪಾಗಿದ್ದವು.

"ಯಾರು?" ಎಂದ. "ಯಾರಿಗೆ ಎಂತಾತು? ಹೇಳಿ."

ಪರಿಮಳಾ ನವೀನನ ಕಡೆ ನೋಡಿದಳು. ಅವನು ಸ್ಟೇರಿಂಗ್ ಹಿಡಿದುಕೊಂಡು ತಲೆ ತಗ್ಗಿಸಿದ. ಹೇಗೋ ದಡ ಸೇರಿದ ಮೇಲೂ ಮುದುಕಿಯ ಕಡೆ ಮತ್ತೆ ಹೋಗುತ್ತೇನೆ ಎಂದು ನೀರಿಗೆ ಧುಮುಕಲು ನೋಡಿದವನನ್ನು ತಡೆಯಲು, ಮನೆಯಲ್ಲಿ ಯಾರಿಗೋ ಜೀವಕ್ಕೆ ಬಂದಿದೆಯಂತೆ ಎಂದು ಹೇಳಿ ಅವನು ಗಾಡಿ ಹತ್ತಿಸಿದ್ದ. ಅವಳು ಹಾಕಿದ ಸುಳ್ಳಿಗೆ ಅವನದೂ ಒಂದು ಸೇರಿತ್ತು.

"ಘಟ್ಟ ಹತ್ತುವಷ್ಟೊತ್ತೂ ನಿಂಗಳನ್ನೆಲ್ಲ ಒಬ್ಬೊಬ್ಬರನ್ನೇ ಮನಸಲ್ಲಿ ಸಾಯ್ಸಿಕ್ಯತ್ತಾ ಬಂದಿ ಆನು," ಎಂದ ದಿನಕರ. "ಹೇಳಿ ಬಿಡಿ. ಯಾರು?"

"ಯಾರಿಗೂ ಎಂತೂ ಆಜಿಲ್ಲೆ," ಎಂದಳು ಪರಿಮಳಾ. ಗಂಟಲು ಒಡೆದಿದ್ದರಿಂದ ಅವಳ ದನಿ ಬೇರೆ ಯಾರದೋ ಆಗಿತ್ತು. "ನಿಂಗಳನ್ನ ವಾಪಸ್ ಕರೆಯಲೆ ಹಾಕಿದ್ದು."

ಅವನು ಅರ್ಥವಾಗದವನಂತೆ ನಿಂತ. ಅರ್ಥವಾದದ್ದು ಅವನ ಮುಖದ ಮೇಲೆ ನಿಧಾನವಾಗಿ ಬಂತು. ಹೊಡೆಯುತ್ತಾನೇನೋ ಎಂದು ಅವಳಿಗೆ ಮದುವೆಯಾದಂದಿನಿಂದ ಮೊದಲ ಸಲ ಅನ್ನಿಸಿತು. ಹೊಡೆದಿದ್ದರೆ ಒಳ್ಳೆಯದಿತ್ತು.

"ನಾಳೆ ಹಿಂಗೇ ಆದ್ರೂ ಹಾಕ್ತೆ," ಎಂದಳು ಅವಳು. "ಸುಳ್ಳು ಹೇಳ್ತ್ನಿಲ್ಲೆ. ಹಾಕೇ ಹಾಕ್ತೆ."

ದಿನಕರ ಅವಳ ಪಕ್ಕದಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತ. ತನ್ನ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡತೊಡಗಿದ. ಸಂಹಿತಾ ಮೆಲ್ಲಗೆ, ಆ ಅಮ್ಮ ಸಿಕ್ಕರೇ ಎಂದು ನವೀನನನ್ನು ಕೇಳಿದಳು. ಇಲ್ಲ ಎಂದು ಅವನು ತಲೆಯಾಡಿಸಿದ. ಆಡು ಸಿಕ್ಕಿತಂತೆ, ಹಗ್ಗ ಕುತ್ತಿಗೆಯಲ್ಲೇ ಇತ್ತಂತೆ.

ಆಮೇಲೆ ದಿನಕರ ಮಾತಾಡಿದ. ಸಿಟ್ಟಿನಿಂದ ಆಡಿದ ಮಾತಾಗಿರಲಿಲ್ಲ. ಹೆಂಡತಿಗೆ ಆ ದಿನದ ಸುದ್ದಿ ಹೇಳುವವನ ಹಾಗೆ ಹೇಳಿದ.

"ಮೊದ್ಲು ಬಾಯಿ ಬಡ್ಕತ್ತಾ ಇತ್ತು. ಆನು ಒಡ್ಡಿನ ಮೇಲೆ ಓಡಿ ಬಪ್ಪದು ಕಂಡ ಮೇಲೆ ಕೂಗದು ನಿಲ್ಸಿಬಿಡ್ತು. ಒಬ್ಬ ಬತ್ತಾ ಇದ್ದ ಹೇಳಿ ಗೊತ್ತಾತಲೆ, ಮತ್ತೆ ಎಂತಕ್ಕೆ ಕೂಗವು. ಆಡಿನ ಹಗ್ಗ ಹಿಡ್ಕಂಡು ಯನ್ನೇ ನೋಡ್ತಾ ನಿಂತ್ಕಂಡಿತ್ತು."

"ನಿಂಗ ತಿರುಗಿದ ಮೇಲೆ?" ಪರಿಮಳಾ ಕೇಳಿದಳು. ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. "ಆಮೇಲೂ ಕೂಗಿದ್ದಿಲ್ಯ?"

"ಇಲ್ಲೆ," ಎಂದ ದಿನಕರ. "ಈಗ ಬತ್ತ, ಈಗ ಬತ್ತ ಹೇಳಿ ಕಾಯ್ತಾ ನಿಂತಿದ್ದಿಕ್ಕು."